ಕೋಲೆಬಸವ ತಲೆಯಾಡಿಸುವ ತರಗತಿ

ಚೆನ್ನಾಗಿ ಕೂತ ಮರದ ಜೋಡಣೆಗೆ ಒಂದು ಸದ್ದಿದೆ. ಒಂದು ತುಂಡಿನ ತುದಿಯಲ್ಲಿ ಕೊಯ್ದ ನಾಲಗೆಯನ್ನು ಇನ್ನೊಂದು ತುಂಡಿನಲ್ಲಿ ಕೊರೆದ ಕಿಂಡಿಗೆ ಎದುರಾಗಿ ಹಿಡಿದು ಅಂಗೈಯಿಂದ ಮೆಲ್ಲಗೆ ಒತ್ತಬೇಕು. ಮೊದಲು ಸ್ವಲ್ಪ ಬಿಗಿ. ಆಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ಸಣ್ಣಗೆ ಹೊರಬರುತ್ತದೆ. ಕೊನೆಗೆ ಹೆಗಲಿಗೆ ಹೆಗಲು ತಾಗಿ, ಮೆತ್ತಗೆ, ತುಂಬಿದ ದನಿಯಲ್ಲಿ, 'ತಪ್'. ಸಡಿಲವಾದರೆ ಈ ಸದ್ದು ಬರುವುದಿಲ್ಲ. ಬಿಗಿ ಹೆಚ್ಚಾದರೆ ಕೊಡತಿ ಏಟು ಬೇಕು, ಆಗ ಬರುವ ಸದ್ದೇ ಬೇರೆ. ಬರೀ ಅಂಗೈ ಒತ್ತಡಕ್ಕೆ ಒಪ್ಪಿ ಕೂರುವ ಜೋಡಣೆಯ ದನಿ ಎಷ್ಟು ಸವಿಯೆಂದರೆ, ಹದಿನಾಲ್ಕು ವರ್ಷದ ಹುಡುಗ ಅದನ್ನು ಮೊದಲ ಸಲ ಕೇಳಿದವನೇ ಜೋಡಣೆಯನ್ನು ಬಿಚ್ಚಿ ಮತ್ತೆ ಕೂರಿಸುತ್ತಾನೆ. ಮತ್ತೆ ಬಿಚ್ಚುತ್ತಾನೆ. ಪಕ್ಕದವನನ್ನು ಕರೆದು ಕೇಳಿಸುತ್ತಾನೆ. ಆ ಹೊತ್ತಿನಲ್ಲಿ ನಾನು ಅವನ ಮೇಜಿನ ಹತ್ತಿರ ಹೋಗುವುದಿಲ್ಲ. ದೂರ ನಿಂತು ನಾನೂ ಕೇಳುತ್ತೇನೆ.

ದೆಹಲಿಯ ಚಾಣಕ್ಯಪುರಿ ಎಂದರೆ ನಮ್ಮ ಊರುಗಳಿಂದ ಬರುವವರಿಗೆ ಕೌಟಿಲ್ಯ ಮಾರ್ಗದ ಕರ್ನಾಟಕ ಭವನ, ಶಾಂತಿಪಥದ ಉದ್ದಕ್ಕೂ ನಿಂತ ರಾಯಭಾರ ಕಚೇರಿಗಳು, ಅಗಲವಾದ ನೆರಳಿನ ರಸ್ತೆಗಳು. ನನಗೆ ಇದು ಪಾಠಶಾಲೆಗಳ ಬಡಾವಣೆ. 1952ರಲ್ಲಿ ಶುರುವಾದ ಅಮೆರಿಕನ್ ಎಂಬಸಿ ಸ್ಕೂಲ್ ಇಲ್ಲಿದೆ, 1963ರ ಬ್ರಿಟಿಷ್ ಸ್ಕೂಲ್ ಇದೆ, 1998ರ ಸಂಸ್ಕೃತಿ ಸ್ಕೂಲ್ ಇದೆ. ಇಲ್ಲಿ ನಾನು ಪ್ರೌಢಶಾಲೆಯ ಮಕ್ಕಳಿಗೆ ಕಲಿಸುವ ವಿಷಯದ ಹೆಸರು 'ವಿನ್ಯಾಸ ಮತ್ತು ತಂತ್ರಜ್ಞಾನ'. ಮಕ್ಕಳ ಬಾಯಲ್ಲಿ ಡಿ.ಟಿ. ಇಂಗ್ಲೆಂಡಿನಲ್ಲಿ 1990ರಲ್ಲಿ ಈ ವಿಷಯ ರಾಷ್ಟ್ರೀಯ ಪಠ್ಯಕ್ರಮದ ಕಡ್ಡಾಯ ಭಾಗವಾಯಿತು. ಬ್ರಿಟಿಷ್ ಪಠ್ಯಕ್ರಮ, ಐ.ಬಿ. ಎಂಬ ಇಂಟರ್‌ನ್ಯಾಷನಲ್ ಬ್ಯಾಕಲರಿಯೇಟ್ ಪಠ್ಯಕ್ರಮಗಳ ಜೊತೆಯಲ್ಲಿ ನಮ್ಮ ನಗರಗಳಿಗೂ ಬಂತು. ಐ.ಬಿ.ಯವರು ಇದನ್ನು ಒಂದು ಚಕ್ರವಾಗಿ ಬರೆದಿಡುತ್ತಾರೆ: ಕೇಳಿ ತಿಳಿದು ವಿಶ್ಲೇಷಿಸು, ಆಲೋಚನೆಗಳನ್ನು ಬೆಳೆಸು, ಮಾಡು, ಮಾಡಿದ್ದನ್ನು ಒರೆಗೆ ಹಚ್ಚು. ಪಠ್ಯಕ್ರಮದ ಮಾತು ಇಷ್ಟು ಸಾಕು. ಆ ನಾಲ್ಕು ಹೆಜ್ಜೆಗಳ ನಡುವೆ ಮಗುವಿನ ಕೈಗೆ, ಕಣ್ಣಿಗೆ, ಕಿವಿಗೆ ಒಂದು ರುಚಿ ಹತ್ತುತ್ತದಲ್ಲ, ನಾನು ಹೇಳಹೊರಟಿರುವುದು ಆ ರುಚಿಯ ಸುದ್ದಿ.

ವರ್ಷದ ಮೊದಲ ಪಾಠಕ್ಕೆ ನಾನು ತರುವುದು ಒಂದು ಹಿತ್ತಾಳೆ ಚೊಂಬು. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಇರುವುದು. ಹಿಂದಿನ ರಾತ್ರಿ ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ಒರೆಸಿ ಇಟ್ಟಿರುತ್ತೇನೆ. ಮಕ್ಕಳು ಕಣ್ಣು ಮುಚ್ಚಿಕೊಂಡು ಕೂರಬೇಕು. ಚೊಂಬು ಕೈಯಿಂದ ಕೈಗೆ ಹೋಗುತ್ತದೆ. ಮೊದಲ ಸುತ್ತು ಖಾಲಿ, ಎರಡನೆಯ ಸುತ್ತು ನೀರು ತುಂಬಿ. ಕಣ್ಣು ಮುಚ್ಚಿದಾಗ ಬೆರಳು ಎಷ್ಟೆಲ್ಲ ಕಾಣುತ್ತದೆ! ಹೊಟ್ಟೆಯ ಉಬ್ಬು ಅಂಗೈಯನ್ನು ತುಂಬುವ ಬಗೆ, ಕುತ್ತಿಗೆಯ ತಗ್ಗಿನಲ್ಲಿ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಹೋಗಿ ನೆಲೆಸುವ ಬಗೆ, ಹೊರಕ್ಕೆ ಬಾಗಿದ ಕಂಠದ ಅಂಚು ಕೈ ಜಾರದ ಹಾಗೆ ತಡೆದು ಹಿಡಿಯುವ ಬಗೆ. ಮೈಮೇಲೆ ಸಣ್ಣ ಸಣ್ಣ ತಗ್ಗುಗಳಿವೆ. ಕಣ್ಣಿಗೆ ಅವು ಬರೀ ಹೊಳಪು, ಬೆರಳಿಗೆ ಸುತ್ತಿಗೆಯ ಒಂದೊಂದು ಏಟು. ಬಿಸಿಲುಗಾಲದ ದೆಹಲಿಯಲ್ಲೂ ತುಂಬಿದ ಚೊಂಬಿನ ಮೈ ತಣ್ಣಗಿರುತ್ತದೆ. ಸುರಿಯಲು ಬಗ್ಗಿಸಿದರೆ ತೂಕವೆಲ್ಲ ಉಬ್ಬಿನ ಕಡೆ ವಾಲಿ, ಮಣಿಕಟ್ಟಿಗೆ ಶ್ರಮವಿಲ್ಲದೆ ನೀರು ಒಂದೇ ಧಾರೆಯಾಗಿ ಇಳಿಯುತ್ತದೆ. ಅದು ಇಳಿಯುವುದನ್ನು ಮಕ್ಕಳು ಕಣ್ಣು ತೆರೆದು ನೋಡುತ್ತಾರೆ. ಯಾರೂ ಮಾತಾಡುವುದಿಲ್ಲ.

ಆಮೇಲೆ ಅವರಿಗೆ ಈಮ್ಸ್ ದಂಪತಿಯ ಕಥೆ ಹೇಳುತ್ತೇನೆ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರಕಾರದ ಕರೆಯ ಮೇಲೆ ದೇಶವನ್ನೆಲ್ಲ ಸುತ್ತಿ, 1958ರಲ್ಲಿ ಒಂದು ವರದಿ ಬರೆದುಕೊಟ್ಟರು. ಕಂಡ ವಸ್ತುಗಳಲ್ಲೆಲ್ಲ ಅವರ ಮನಸ್ಸು ಸೋತದ್ದು ಈ ಚೊಂಬಿಗೆ, ಉತ್ತರದವರ ಲೋಟಾಕ್ಕೆ. ಇಂಥದ್ದೊಂದನ್ನು ಹೊಸದಾಗಿ ವಿನ್ಯಾಸ ಮಾಡಹೊರಟರೆ ಏನೇನು ಕೇಳಿಕೊಳ್ಳಬೇಕೆಂದು ಅವರು ಸಾಲು ಸಾಲಾಗಿ ಬರೆದರು. ಎಷ್ಟು ನೀರು ಹಿಡಿಯಬೇಕು, ಯಾರ ಕೈಗೆ, ಸೊಂಟದ ಮೇಲೋ ತಲೆಯ ಮೇಲೋ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಒಳಗೆ ಕೈ ಹಾಕಿ ತೊಳೆಯಲು ಬರುತ್ತದೆಯೇ, ತಟ್ಟಿದರೆ ಹೇಗೆ ದನಿ ಕೊಡುತ್ತದೆ, ಎಷ್ಟು ಖರ್ಚು ಬೀಳುತ್ತದೆ. ಇಷ್ಟಕ್ಕೂ ಉತ್ತರ ಕೊಟ್ಟವನು ಯಾವೊಬ್ಬ ವಿನ್ಯಾಸಕಾರನೂ ಅಲ್ಲ, ತಲೆತಲಾಂತರದ ಅನೇಕ ಜನ ಸೇರಿ ಕೊಟ್ಟದ್ದು ಎಂದು ಅವರು ಕಂಡುಕೊಂಡರು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಈ ಕಥೆ ಕೇಳಿದ ಮಕ್ಕಳು ಮನೆಗೆ ಹೋಗಿ ಅಡುಗೆಮನೆಯ ಒಂದು ವಸ್ತುವನ್ನು ಆರಿಸಿ, ಅದಕ್ಕೆ ಇದೇ ಪ್ರಶ್ನೆಗಳನ್ನು ಕೇಳಿ ಬರೆದು ತರಬೇಕು. ಇಕ್ಕಳ, ಲಟ್ಟಣಿಗೆ, ಚಹಾದ ಸೋಸುಕ, ಪ್ರೆಷರ್ ಕುಕ್ಕರಿನ ಹಿಡಿ. ಪ್ರೌಢಶಾಲೆಯ ಯಾವ ಪ್ರಬಂಧಕ್ಕಿಂತಲೂ ಚೆಂದದ ಬರವಣಿಗೆ ಆ ವಾರ ನನ್ನ ಮೇಜಿಗೆ ಬರುತ್ತದೆ. ಕೈ ಕಂಡದ್ದನ್ನು ಬರೆಯುವಾಗ ಮಕ್ಕಳಿಗೆ ಪದಗಳ ಬರ ಇರುವುದಿಲ್ಲ.

ಚೊಂಬಿನ ನಂತರ ರೈಲು. ಶಾಂತಿಪಥದ ಪಕ್ಕದ ರಾಷ್ಟ್ರೀಯ ರೈಲು ಸಂಗ್ರಹಾಲಯ ನನ್ನ ಎರಡನೆಯ ತರಗತಿ ಕೋಣೆ. ಮೈಕೆಲ್ ಗ್ರಹಾಂ ಸ್ಯಾಟೋ ಎಂಬ ಇಂಗ್ಲಿಷ್ ರೈಲುಪ್ರೇಮಿಯ ಸಲಹೆಯಲ್ಲಿ ರೂಪುಗೊಂಡು, 1977ರ ಫೆಬ್ರವರಿ 1ರಂದು ಬಾಗಿಲು ತೆರೆದ ಜಾಗ ಇದು. ಬಯಲಲ್ಲಿ ಸಾಲಾಗಿ ನಿಂತ ಹಳೆಯ ಉಗಿಬಂಡಿಗಳ ಹೊಟ್ಟೆ, ಕೈಕಾಲು, ಕೀಲು ಎಲ್ಲವೂ ಹೊರಗೇ ಕಾಣುತ್ತವೆ. ಈಗಿನ ಯಂತ್ರಗಳು ತಮ್ಮ ಕೆಲಸವನ್ನು ಪೆಟ್ಟಿಗೆಯೊಳಗೆ ಮುಚ್ಚಿಡುತ್ತವೆ. ಉಗಿಬಂಡಿಯಲ್ಲಿ ಮುಚ್ಚುಮರೆಯಿಲ್ಲ. ಪಿಸ್ಟನ್ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಉದ್ದನೆಯ ಉಕ್ಕಿನ ದಂಡ ಅದನ್ನು ಹಿಡಿದು, ಚಕ್ರದ ನಡುವಿನಿಂದ ಆಚೆ ಕೂತ ಕ್ರ್ಯಾಂಕಿಗೆ ಒಪ್ಪಿಸುತ್ತದೆ. ನೇರ ಓಡಾಟ ಸುತ್ತಾಟವಾಗುತ್ತದೆ. ಪುಸ್ತಕದಲ್ಲಿ ಎರಡು ಬಾಣದ ಗುರುತು ಹಾಕಿ ಮುಗಿಸುವ ಈ ಸಂಗತಿ ಇಲ್ಲಿ ಆಳೆತ್ತರಕ್ಕೆ ನಿಂತಿದೆ, ಎಣ್ಣೆಯ ಕಲೆಯ ಸಮೇತ.

ಇಲ್ಲಿ ನನಗೆ ತುಂಬಾ ಇಷ್ಟದ ಒಂದು ಪ್ರಶ್ನೆ ಇದೆ. ಮಕ್ಕಳನ್ನು ಬಂಡಿಯ ಬಲಕ್ಕೆ ನಿಲ್ಲಿಸಿ, ಕ್ರ್ಯಾಂಕು ಎಲ್ಲಿದೆ ನೋಡಿ ಬರೆದುಕೊಳ್ಳಿ ಎನ್ನುತ್ತೇನೆ. ಎಡಬದಿಯಲ್ಲಿ ಅದು ಎಲ್ಲಿರಬಹುದು? ಎಲ್ಲರೂ ಒಂದೇ ಉತ್ತರ ಹೇಳುತ್ತಾರೆ: ಅಲ್ಲೇ. ಸುತ್ತು ಹಾಕಿ ನೋಡಿ ಬನ್ನಿ ಎನ್ನುತ್ತೇನೆ. ಓಡುತ್ತಾರೆ. ಆ ಬದಿಯದು ಕಾಲು ಸುತ್ತು ಮುಂದೆಯೋ ಹಿಂದೆಯೋ ಇರುತ್ತದೆ, ಸರಿಯಾಗಿ 90 ಡಿಗ್ರಿ. ಯಾಕೆ? ಯಾರಾದರೊಬ್ಬರು ಹುಲ್ಲಿನ ಮೇಲೆ ಕೂತು, ಪೆನ್ಸಿಲನ್ನು ಅತ್ತಿತ್ತ ಆಡಿಸಿ, ಒಂದೈದು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ಎರಡೂ ಬದಿಯ ದಂಡಗಳು ಒಟ್ಟಿಗೇ ನೆಟ್ಟಗಾಗಿ ನಿಂತುಬಿಟ್ಟರೆ ಉಗಿ ಎಷ್ಟು ತಳ್ಳಿದರೂ ಚಕ್ರ ತಿರುಗದು. ಒಂದು ಬದಿ ಸೋತ ಕ್ಷಣದಲ್ಲಿ ಇನ್ನೊಂದು ಬದಿಗೆ ಪೂರ್ತಿ ಬಲ ಇರಲಿ ಎಂದು ಈ ಏರ್ಪಾಡು. ಅರ್ಥವಾದಾಗ ಆ ಮಕ್ಕಳ ಮುಖದಲ್ಲಿ ಮೂಡುವ ಬೆಳಕನ್ನು ನೋಡಲೆಂದೇ ನಾನು ಪ್ರತಿ ವರ್ಷ ಈ ಪ್ರಶ್ನೆಯನ್ನು ಕಾಪಾಡಿಕೊಂಡು ಬಂದಿದ್ದೇನೆ. ಮೊದಲೇ ಹೇಳಿಬಿಡಬೇಡಿ ಎಂದು ಹಳೆಯ ವಿದ್ಯಾರ್ಥಿಗಳಿಂದ ಮಾತು ತೆಗೆದುಕೊಳ್ಳುತ್ತೇನೆ.

ಪಟಿಯಾಲಾ ಸಂಸ್ಥಾನದ ಒಂಟಿಹಳಿಯ ರೈಲೂ ಇಲ್ಲೇ ಇದೆ. 1907ರಲ್ಲಿ ಬರ್ಲಿನ್ನಿನ ಓರೆನ್‌ಸ್ಟೈನ್ ಮತ್ತು ಕೊಪೆಲ್ ಕಂಪನಿ ಮಾಡಿಕೊಟ್ಟ ಪುಟ್ಟ ಎಂಜಿನ್ನು. ಅದರ ಭಾರದ ಬಹುಪಾಲು ಒಂದೇ ಹಳಿಯ ಮೇಲೆ. ವಾಲದೆ ನಿಲ್ಲಲು ಮಾತ್ರ ಪಕ್ಕದಲ್ಲೊಂದು ದೊಡ್ಡ ಕಬ್ಬಿಣದ ಚಕ್ರ, ಅದು ಮಾಮೂಲಿ ರಸ್ತೆಯ ಮೇಲೆಯೇ ಉರುಳುತ್ತಿತ್ತು. 1927ರ ಹೊತ್ತಿಗೆ ಈ ರೈಲು ನಿಂತುಹೋಯಿತು. ಆದರೆ ಎಂಥ ಹಗುರವಾದ, ಎಂಥ ಧೈರ್ಯದ ಆಲೋಚನೆ! ಅರ್ಧ ಕಬ್ಬಿಣದಲ್ಲಿ ರೈಲು ಓಡಿಸುವ ಆಸೆ. ಮಕ್ಕಳು ಇದರ ಚಿತ್ರ ಬರೆಯುವಾಗ ಯಾವಾಗಲೂ ಆ ಪಕ್ಕದ ಚಕ್ರವನ್ನು ಇದ್ದುದಕ್ಕಿಂತ ದೊಡ್ಡದಾಗಿ ಬರೆಯುತ್ತಾರೆ. ನಾನು ತಿದ್ದುವುದಿಲ್ಲ. ಮನಸ್ಸಿಗೆ ಹಿಡಿಸಿದ್ದನ್ನು ಕೈ ದೊಡ್ಡದು ಮಾಡುತ್ತದೆ.

ರೈಲು ನೋಡಿ ಬಂದ ಮೇಲೆ ಎಂಟನೆಯ, ಒಂಬತ್ತನೆಯ ತರಗತಿಯವರು ಹಿಡಿ ತಿರುಗಿಸಿದರೆ ಆಡುವ ಬೊಂಬೆ ಮಾಡಬೇಕು. ಒಂದು ಪುಟ್ಟ ಮರದ ಪೆಟ್ಟಿಗೆ, ಅದರೊಳಗೆ ಅಡ್ಡಲಾಗಿ ಒಂದು ಕಡ್ಡಿ, ಕಡ್ಡಿಯ ಮೇಲೆ ಕ್ಯಾಮ್ ಎಂಬ ಓರೆ ಬಿಲ್ಲೆ, ಬಿಲ್ಲೆಯ ಮೇಲೆ ಕೂತು ಏರಿಳಿಯುವ ಇನ್ನೊಂದು ಕಡ್ಡಿ, ಪೆಟ್ಟಿಗೆಯ ನೆತ್ತಿಯ ಮೇಲೆ ಬೊಂಬೆ. ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿಯೊಬ್ಬಳು ಕೋಲೆಬಸವ ಮಾಡುತ್ತೇನೆಂದಳು. ಹಾಸನದ ಕಡೆ ಅವಳ ಅಜ್ಜಿಯ ಊರಿನಲ್ಲಿ, ಮೈತುಂಬ ಬಣ್ಣದ ಬಟ್ಟೆ, ಕೊಂಬಿಗೆ ಕುಚ್ಚು, ಕೊರಳಿಗೆ ಗಂಟೆ ಹಾಕಿಕೊಂಡು ಮನೆ ಬಾಗಿಲಿಗೆ ಬಂದ ಬಸವನನ್ನು ಕಂಡಿದ್ದಳಂತೆ. ಒಳ್ಳೇದಾಗುತ್ತಾ ಬಸವಣ್ಣ ಎಂದು ಕೇಳಿದರೆ ತಲೆಯಾಡಿಸಬೇಕು. ಅವಳ ಬೊಂಬೆಗೆ ಬೇಕಾದದ್ದು ಆ ತಲೆಯಾಟ ಒಂದೇ.

ಮೊದಲು ಅವಳು ಆರಿಸಿದ್ದು ಬಸವನಹುಳುವಿನ ಚಿಪ್ಪಿನ ಆಕಾರದ ಕ್ಯಾಮ್. ಅದು ಕಡ್ಡಿಯನ್ನು ನಿಧಾನವಾಗಿ ಏರಿಸಿ ತಟ್ಟನೆ ಬಿಟ್ಟುಬಿಡುತ್ತದೆ. ತಿರುಗಿಸಿ ನೋಡಿದಳು. ಬಸವನ ತಲೆ ಮೆಲ್ಲಗೆ ಏರಿ ದೊಪ್ಪನೆ ಬಿತ್ತು.

"ಹೂಂ ಅನ್ನೋ ಥರ ಇಲ್ಲ ಸರ್," ಅಂದಳು. "ತೂಕಡಿಸೋ ಥರ ಇದೆ."

"ನಿಮ್ಮೂರ ಬಸವ ಹೇಗೆ ಆಡಿಸ್ತಿತ್ತು?"

ಅವಳು ಕಣ್ಣು ಮುಚ್ಚಿ ತಾನೇ ತಲೆಯಾಡಿಸಿ ನೋಡಿಕೊಂಡಳು. ಮೊದಲು ಸುಮ್ಮನೆ ನಿಲ್ಲಬೇಕು, ಯೋಚಿಸುವವನ ಗಾಂಭೀರ್ಯದಲ್ಲಿ. ಆಮೇಲೆ ಮೆತ್ತಗೆ ಮೇಲೆ, ಮೆತ್ತಗೆ ಕೆಳಗೆ. ಮತ್ತೆ ಸುಮ್ಮನೆ. ಅಂಥ ಚಲನೆ ಕೊಡುವುದು ಮರಸೇಬಿನ ಆಕಾರದ ಕ್ಯಾಮ್: ಅರ್ಧ ಸುತ್ತು ಕಡ್ಡಿ ಅಲುಗಾಡದೆ ಕೂರುತ್ತದೆ, ಉಳಿದ ಅರ್ಧದಲ್ಲಿ ನಯವಾಗಿ ಏರಿ ಇಳಿಯುತ್ತದೆ. ಅವಳು ಹೊಸ ಬಿಲ್ಲೆ ಕೊಯ್ದು, ಅಂಚನ್ನು ಅರದಿಂದ ಉಜ್ಜಿ, ಕಡ್ಡಿ ಹಾದುಹೋಗುವ ತೂತಿಗೆ ಮೇಣದಬತ್ತಿ ಸವರಿದಳು. ಕೊರಳಿಗೆ ಹಾಕಲು ಕಾಲ್ಗೆಜ್ಜೆಯಿಂದ ಬಿಚ್ಚಿದ ಒಂದು ಗುಂಡು ತಂದಿದ್ದಳು. ಹಿಡಿ ತಿರುಗಿತು. ಬಸವ ನಿಂತ. ಇನ್ನೂ ನಿಂತ. ಆಮೇಲೆ, ಬಲು ಮೆಲ್ಲಗೆ, ಗೆಜ್ಜೆಯ ಒಂದೇ ಒಂದು ಕಿಣಿಯೊಂದಿಗೆ, ಹೂಂ ಎಂದ.

ಇಂಥ ಕೆಲಸವನ್ನು ಅಂಕಪಟ್ಟಿಯಲ್ಲಿ ಮೌಲ್ಯಮಾಪನ ಎಂಬ ಅಂಕಣದ ಕೆಳಗೆ ಬರೆಯುತ್ತೇವೆ. ಅಲ್ಲಿ ನಡೆದದ್ದೇನೆಂದು ನೋಡಿ. ಆ ಹುಡುಗಿಯ ಮನಸ್ಸಿನಲ್ಲಿ ಒಂದು ಚಲನೆಯ ಲಯವಿತ್ತು. ಯಂತ್ರದ ಚಲನೆಯನ್ನು ಅದರ ಪಕ್ಕದಲ್ಲಿಟ್ಟು ತೂಗಿ, ಎಲ್ಲಿ ಸಾಲದು ಎಂದು ಗುರುತಿಸಿ, ಮರದ ಒಂದು ಅಂಚನ್ನು ಬದಲಿಸಿ ಆ ಲಯವನ್ನು ಹೊರಗೆ ತಂದಳು. ಸಂಗೀತ ಕಲಿಯುವ ಮಕ್ಕಳು ಶ್ರುತಿಗೆ ಕಿವಿ ಕೊಡುವ ಹಾಗೆ ಅವಳು ಕ್ಯಾಮಿನ ಅಂಚಿಗೆ ಬೆರಳು ಕೊಟ್ಟಳು.

ಸಂಗ್ರಹಾಲಯದಲ್ಲಿ ಕನ್ನಡದವನಾದ ನನ್ನ ಹೆಜ್ಜೆ ತಾನಾಗಿ ನಿಧಾನವಾಗುವ ಇನ್ನೊಂದು ಎಡೆಯಿದೆ. ಮೈಸೂರು ಮಹಾರಾಜರ ಸಲೂನು, ಅವರ ಪ್ರಯಾಣದ ರೈಲುಡಬ್ಬಿ. 1899ರದು. ಆಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಹದಿನೈದು ವರ್ಷ. ರಾಜ್ಯಭಾರವನ್ನು ತಾಯಿ ವಾಣಿವಿಲಾಸ ಸನ್ನಿಧಾನದವರು ನೋಡಿಕೊಳ್ಳುತ್ತಿದ್ದರು. ನನ್ನ ಹತ್ತನೆಯ ತರಗತಿಯ ಹುಡುಗರ ವಯಸ್ಸಿನ ರಾಜನ ಕಾಲದ ಬಂಡಿ ಇದು ಎಂದು ಹೇಳಿದ ಕೂಡಲೇ ಮಕ್ಕಳು ಕಿಟಕಿಯ ಗಾಜಿಗೆ ಹಣೆ ಒತ್ತುತ್ತಾರೆ. ತೇಗದ ಬಂಡಿ. ಒಳಗೆ ಬೀಟೆಯ ಮಂಚ, ಜರತಾರಿ ಹೊದಿಸಿದ ಕುರ್ಚಿಗಳು. ಆ ಬೀಟೆಯ ಬಣ್ಣವನ್ನು ಏನೆಂದು ಹೇಳಲಿ! ಕಪ್ಪು ಎಂದರೆ ಸಾಲದು, ಕೆಂಪು ಎಂದರೆ ಹೆಚ್ಚಾಯಿತು. ನೇರಳೆಯ ನೆರಳಿರುವ ಕಂದು. ಅದರೊಳಗೆ ಇನ್ನೂ ಗಾಢವಾದ ಗೆರೆಗಳು ಓಡುತ್ತವೆ. ನೂರಿಪ್ಪತ್ತೈದು ವರ್ಷ ದಾಟಿದ ಮರಕ್ಕೆ ಬರುವ ತೃಪ್ತಿಯ ಹೊಳಪು ಹೊಸ ಪಾಲಿಷಿಗೆ ಬಾರದು.

ಇಲ್ಲಿ ನಿಂತು ಮರ ಉಸಿರಾಡುವ ವಿಚಾರ ಹೇಳಿಕೊಡುತ್ತೇನೆ. ಅಗಲವಾದ ಹಲಗೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಬಹಳ ಕಡಿಮೆ, ಅಡ್ಡಕ್ಕೆ ಹೆಚ್ಚು. ಬಲ್ಲ ಬಡಗಿ ಸುತ್ತಲೂ ಗಟ್ಟಿ ಚೌಕಟ್ಟು ಕಟ್ಟಿ, ಅದರೊಳಗೆ ಕಾಲುವೆಯಂಥ ಗೀರು ತೋಡಿ, ಹಲಗೆಯನ್ನು ಅಂಟು ಹಾಕದೆ ಆ ಗೀರಿನಲ್ಲಿ ಸಡಿಲವಾಗಿ ಕೂರಿಸುತ್ತಾನೆ. ಹಲಗೆ ತನ್ನ ಪಾಡಿಗೆ ಹಿಗ್ಗಲಿ, ಕುಗ್ಗಲಿ, ಚೌಕಟ್ಟು ಅಲುಗುವುದಿಲ್ಲ. ನಮ್ಮ ಹಳೆಯ ಬಾಗಿಲುಗಳಲ್ಲಿ ಎಷ್ಟೋ ಈ ತಿಳಿವಳಿಕೆಯ ಮೇಲೆಯೇ ನಿಂತಿವೆ. ದೆಹಲಿಯ ಮಕ್ಕಳಿಗೆ ಇದನ್ನು ನಂಬಿಸಲು ಹೆಚ್ಚು ಕಷ್ಟವಿಲ್ಲ. ಏಪ್ರಿಲಿನ ಒಣ ಗಾಳಿಯಲ್ಲಿ ಮಾಡಿ, ಸಲೀಸಾಗಿ ತೆರೆದು ಮುಚ್ಚುತ್ತಿದ್ದ ಪೆಟ್ಟಿಗೆಯ ಮುಚ್ಚಳ ಆಗಸ್ಟಿನಲ್ಲಿ ಬಿಗಿಯುತ್ತದೆ, ನವೆಂಬರಿನಲ್ಲಿ ಮತ್ತೆ ಸರಿಯಾಗುತ್ತದೆ.

ಈ ಸಲೂನಿನ ಜೊತೆಯದೊಂದು ಮೈಸೂರಿನಲ್ಲೇ ಇದೆ. ಅಲ್ಲಿನ ರೈಲು ಸಂಗ್ರಹಾಲಯದಲ್ಲಿರುವ ಮಹಾರಾಣಿಯವರ ಸಲೂನು, ಅದೂ 1899ರದೇ. ರಜೆಯಲ್ಲಿ ಮೈಸೂರಿಗೆ ಹೋಗುವ ಮಕ್ಕಳಿಗೆ ಅದನ್ನು ನೋಡಿ ಎರಡರ ಕಿಟಕಿಗಳನ್ನು ಹೋಲಿಸಿ ಬರೆದು ತರಲು ಹೇಳುತ್ತೇನೆ. ತರುತ್ತಾರೆ.

ಶಾಲೆಯ ವರ್ಕ್‌ಶಾಪಿನಲ್ಲಿ ನಮಗೆ ಬೀಟೆ ಎಲ್ಲಿಂದ ಬರಬೇಕು? ಕೀರ್ತಿನಗರದ ಮರದ ಮಾರುಕಟ್ಟೆಯಲ್ಲಿ ಶೀಶಮ್ ಸಿಗುತ್ತದೆ, ಬೀಟೆಯ ಉತ್ತರದ ದಾಯಾದಿ. ಅದರ ತುಂಡುಗಳಲ್ಲಿ ಮಕ್ಕಳು ಪೆನ್ನಿನ ಪೆಟ್ಟಿಗೆ ಮಾಡುತ್ತಾರೆ. ಮೂಲೆಮಟ್ಟ ಇಟ್ಟು ಚೂಪಾದ ಚಾಕುವಿನಿಂದ ಗೆರೆ. ಪೆನ್ಸಿಲಿನ ಗೆರೆಗೆ ದಪ್ಪವಿದೆ, ಚಾಕುವಿನ ಗೆರೆಗಿಲ್ಲ. 18 ಮಿಲಿಮೀಟರ್ ದಪ್ಪದ ಮರವಾದರೆ ನಾಲಗೆ 6 ಮಿಲಿಮೀಟರ್, ಮೂರರಲ್ಲೊಂದು ಪಾಲು. ಗರಗಸ ಗೆರೆಯ ಹೊರಬದಿಯಲ್ಲೇ ನಡೆಯಬೇಕು, ಗೆರೆ ಉಳಿಯಬೇಕು. ಕಿಂಡಿಯನ್ನು ಉಳಿಯಿಂದ ಎರಡೂ ಮುಖಗಳಿಂದ ಕೊರೆದು ನಡುವೆ ಸಂಧಿಸಬೇಕು, ಇಲ್ಲವಾದರೆ ಆಚೆಬದಿಯ ನಾರು ಸೀಳುತ್ತದೆ. ಹರಿತವಾದ ಉಳಿ ಅಡ್ಡ ಎಳೆಯನ್ನು ಕೊಯ್ಯುವಾಗ ಮರದ ಮೈ ಮೇಣ ಸವರಿದಷ್ಟು ನುಣುಪಾಗಿ ತೆರೆಯುತ್ತದೆ. ಅದನ್ನು ಕಂಡ ಮೇಲೆ ಮೊಂಡ ಉಳಿಯಿಂದ ಕೆಲಸ ಮಾಡಲು ಯಾವ ಮಗುವೂ ಒಪ್ಪುವುದಿಲ್ಲ. ತಾನಾಗಿಯೇ ಸಾಣೆಕಲ್ಲಿನ ಕಡೆ ಹೋಗುತ್ತದೆ.

ಆಮೇಲೆ ಉಪ್ಪುಕಾಗದ. 80ರ ಒರಟಿನಿಂದ ಶುರುಮಾಡಿ 120, 240, ಕೊನೆಗೆ 400. ಎಳೆಯ ಉದ್ದಕ್ಕೇ ಉಜ್ಜಬೇಕು, ಅವಸರ ಕೂಡದು. ನಡುವೆ ಒಂದು ಸಲ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರೆ ಮಲಗಿದ್ದ ನಾರುಗಳೆಲ್ಲ ಎದ್ದು ನಿಲ್ಲುತ್ತವೆ, ಮುಟ್ಟಿದರೆ ಮುಂಜಾನೆಯ ಗಡ್ಡ. ಅವನ್ನು ಮತ್ತೆ 400ರಲ್ಲಿ ಇಳಿಸಿದರೆ ಇನ್ನು ಅವು ಏಳುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಪೆಟ್ಟಿಗೆ ಮಂಕಾಗಿಯೇ ಇರುತ್ತದೆ, ಮೈಮೇಲೆ ಬೂದಿ ಬಣ್ಣದ ಹುಡಿ. ಆಗ ಹಳೆಯ ಹತ್ತಿ ಬಟ್ಟೆಯ ಚೂರಿಗೆ ನಾಲ್ಕು ಹನಿ ಅಗಸೆ ಎಣ್ಣೆ ಹಾಕಿ ಮಗುವಿನ ಕೈಗೆ ಕೊಡುತ್ತೇನೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಒಂದೇ ಎಳೆತ. ಬಟ್ಟೆ ಹಾದುಹೋದ ದಾರಿಯಲ್ಲಿ ಮರ ಕಣ್ಣು ಬಿಡುತ್ತದೆ. ಹೊಗೆಯ ಬಣ್ಣವಿದ್ದದ್ದು ಜೇನಾಗುತ್ತದೆ, ಜೇನಿನೊಳಗೆ ಕಾಫಿಯ ಗೆರೆಗಳು ಏಳುತ್ತವೆ, ಗೆರೆಗಳ ನಡುವೆ ಬೆಳಕು ಅಲುಗುತ್ತದೆ. ಇಷ್ಟು ಹೊತ್ತು ಅದು ಅಲ್ಲೇ ಇತ್ತು. ತಾನು ಉಜ್ಜಿದ್ದು ಇದನ್ನು ಕಾಣುವುದಕ್ಕೆ ಎಂದು ಮಗುವಿಗೆ ಆಗ ತಿಳಿಯುತ್ತದೆ.

ಮೆರುಗಿಗೆ ನಮ್ಮ ನಾಡಿನ ಇನ್ನೊಂದು ದಾರಿಯನ್ನೂ ತೋರಿಸುತ್ತೇನೆ. ಕಡೆಯುವ ಯಂತ್ರಕ್ಕೆ ಮರದ ಗುಂಡು ಸಿಕ್ಕಿಸಿ, ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುವುದು. ಚನ್ನಪಟ್ಟಣದ ಬೊಂಬೆಯವರ ವಿದ್ಯೆ. ಅಲ್ಲಿ ಹಾಲೆಮರದಲ್ಲಿ ಮಾಡುತ್ತಾರೆ, ಬೆಳ್ಳಗಿನ, ಎಳೆ ಕಾಣದಷ್ಟು ನಯವಾದ ಮರ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬೇರೆ ಬೆಂಕಿ ಬೇಡ, ಕುಂಚ ಬೇಡ, ಒಣಗಲು ಕಾಯಬೇಕಾಗಿಲ್ಲ. ಮೇಲಿಂದ ಕೇದಗೆಯ ಎಲೆ ಒತ್ತಿ ಹಿಡಿದರೆ ಕನ್ನಡಿಯ ಹೊಳಪು. ಎಂಥ ಸೊಗಸಾದ ಮಿತವ್ಯಯ! ಒಂದೇ ತಿರುಗಾಟ ಕಡೆಯುತ್ತದೆ, ಬಣ್ಣ ಹಾಕುತ್ತದೆ, ಮೆರುಗು ಕೊಡುತ್ತದೆ. ಶಕ್ತಿ, ಶಾಖ, ಘರ್ಷಣೆ ಎಂದು ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದೆಲ್ಲ ಇಲ್ಲಿ ಹಸಿರು, ಕೆಂಪು, ಹಳದಿಯ ಉಂಗುರಗಳಾಗಿ ಕೈಗೆ ಸಿಗುತ್ತದೆ.

ಚಾಣಕ್ಯಪುರಿಯ ಕಟ್ಟಡಗಳೂ ನಮಗೆ ಪಾಠ. ಶಾಂತಿಪಥದ ಅಮೆರಿಕನ್ ರಾಯಭಾರ ಕಚೇರಿಯನ್ನು ಎಡ್ವರ್ಡ್ ಡ್ಯುರೆಲ್ ಸ್ಟೋನ್ ವಿನ್ಯಾಸ ಮಾಡಿದ್ದು, 1959ರ ಜನವರಿಯಲ್ಲಿ ಅದು ತೆರೆಯಿತು. ಮುಂದಕ್ಕೆ ಚಾಚಿದ ಸೂರು, ಸಪೂರ ಕಂಬಗಳು, ಕಂಬಗಳ ಹಿಂದೆ ಗೋಡೆಯುದ್ದಕ್ಕೂ ಜಾಲಂಧ್ರ. ಅಂಥ ಕಟ್ಟಡಗಳ ಮುಂದೆ ಕ್ಯಾಮೆರಾ ಎತ್ತುವ ಹಾಗಿಲ್ಲ. ರಸ್ತೆಯ ಆಚೆಯಿಂದ ಕಣ್ಣಲ್ಲಿ ತುಂಬಿಕೊಂಡು ಬಂದು ನೆನಪಿನಿಂದ ಬರೆಯಬೇಕು. ಇದಕ್ಕಿಂತ ಒಳ್ಳೆಯ ಚಿತ್ರಾಭ್ಯಾಸ ನನಗೆ ತಿಳಿದಿಲ್ಲ. ಆಮೇಲೆ ದಪ್ಪ ರಟ್ಟಿನಲ್ಲಿ ತಮ್ಮದೇ ಜಾಲಂಧ್ರ ಕತ್ತರಿಸಿ ಟಾರ್ಚು ಹಿಡಿದು ನೋಡುತ್ತಾರೆ. ದೆಹಲಿಯಲ್ಲಿ ಜೂನ್ ತಿಂಗಳ ನಡುಹಗಲ ಸೂರ್ಯ 85 ಡಿಗ್ರಿ ಎತ್ತರದಲ್ಲಿ ನೆತ್ತಿಯ ಮೇಲಿರುತ್ತಾನೆ, ಡಿಸೆಂಬರಿನಲ್ಲಿ ಬರೀ 38 ಡಿಗ್ರಿ. ದಕ್ಷಿಣದ ಗೋಡೆಯಲ್ಲಿ ಕಿಂಡಿಯ ಎತ್ತರದ ಅರ್ಧದಷ್ಟು ದಪ್ಪವಿದ್ದರೂ ಸಾಕು, ಜೂನಿನ ನಡುಹಗಲ ಬಿಸಿಲಿಗೆ ಒಳಗೆ ದಾರಿಯಿಲ್ಲ, ಡಿಸೆಂಬರಿನ ಬಿಸಿಲು ಅರ್ಧಕ್ಕಿಂತ ಹೆಚ್ಚು ಒಳಗೆ ಬರುತ್ತದೆ. ತ್ರಿಕೋನಮಿತಿಯ ಟ್ಯಾನ್ ಕೋಷ್ಟಕವನ್ನು ಮಕ್ಕಳು ಕೇಳಿ ಪಡೆಯುವ ದಿನ ಅದು. ನೆಲದ ಮೇಲೆ ಬಿದ್ದ ಹೂವಿನ ನೆರಳು, ನಕ್ಷತ್ರದ ನೆರಳು, ಒಬ್ಬ ಹುಡುಗ ಬೇಕೆಂದೇ ಬಿಟ್ಟ ಒಂದು ಮುಚ್ಚಿದ ಕಿಂಡಿಯ ನೆರಳು. ಎಲ್ಲರ ಕಣ್ಣು ಹೋಗಿ ನಿಂತದ್ದು ಆ ಮುಚ್ಚಿದ ಕಿಂಡಿಯ ಮೇಲೆ. ಯಾಕೆ ಬಿಟ್ಟೆ ಎಂದು ಕೇಳಿದೆ. "ಅದಿಲ್ಲದಿದ್ರೆ ಕಣ್ಣು ನಿಲ್ಲೋದೇ ಇಲ್ಲ ಸರ್" ಎಂದ. ಪೂರ್ತಿ ಅಂಕ ಕೊಟ್ಟೆ.

ನಮ್ಮ ದೇಶದಲ್ಲಿ ಇದೆಲ್ಲ ಹೊಸದೇನಲ್ಲ. 1937ರ ವರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ, ಜಾಕಿರ್ ಹುಸೇನ್ ಸಮಿತಿ ವಿಸ್ತರಿಸಿದ ಮೂಲಶಿಕ್ಷಣದ ತಿರುಳೇ ಕೈಕಸುಬಿನ ಮೂಲಕ ಕಲಿಯುವುದು. ನಮ್ಮ ಹಿರಿಯರಲ್ಲಿ ಅನೇಕರು ಶಾಲೆಯಲ್ಲಿ ತಕಲಿ ಹಿಡಿದು ಹಂಜಿಯಿಂದ ನೂಲು ತೆಗೆದವರು. ಎಳೆ ತುಂಡಾಗದೆ ಬೆರಳ ತುದಿಯಿಂದ ಇಳಿಯುವ ಆ ಸುಖವನ್ನು ಅವರು ಈಗಲೂ ನೆನೆಯುತ್ತಾರೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯನ್ನು ನಾಲ್ಕು ಗೋಡೆಯ ಆಚೆ ತೆಗೆದುಕೊಂಡು ಹೋದರು. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಿವೆ, ಒಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ನೆರವು. 2020ರ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟದ ಕೆಲಸದವರ ಬಳಿ ಕಲಿಯಲಿ ಎನ್ನುತ್ತದೆ. ಒಳ್ಳೆಯ ಆರಂಭ. ತ್ರೀಡಿ ಪ್ರಿಂಟರೂ ಲೇಸರ್ ಕಟ್ಟರೂ ನನಗೆ ಪ್ರಿಯವೇ. ಲೇಸರು ಕತ್ತರಿಸಿದ ಪ್ಲೈವುಡ್ಡಿನ ಸುಟ್ಟ ಅಂಚಿನ ವಾಸನೆಗೂ ಒಂದು ಸೊಗಸಿದೆ. ಆದರೆ ನನ್ನ ತೀರ್ಮಾನ ಇದು: ಮೊದಲ ವರ್ಷ ಉಳಿ, ಗರಗಸ, ಉಪ್ಪುಕಾಗದ. ಮರದ ಎಳೆ ಯಾವ ಕಡೆ ಓಡುತ್ತದೆಂದು ಬೆರಳಿಗೆ ತಿಳಿದ ಮೇಲೆ ಪರದೆಯ ಮೇಲೆ ಬರೆಯುವ ಗೆರೆಗೂ ಆ ತಿಳಿವು ಬರುತ್ತದೆ. ಹತ್ತು ದಿನ ಸಾಲದು. ಪ್ರತಿ ಮಗುವಿಗೂ ವರ್ಷವಿಡೀ ಒಂದು ಮೇಜು, ಒಂದು ಹರಿತವಾದ ಉಳಿ, ಅದನ್ನು ಹಿಡಿಯಲು ಕಲಿಸುವ ಒಬ್ಬ ಮೇಷ್ಟ್ರು ಬೇಕು.

ಮಕ್ಕಳಿರುವ ಓದುಗರಲ್ಲಿ ಒಂದು ವಿನಂತಿ. ದೆಹಲಿಗೆ ಬಂದಾಗ ಕೆಂಪುಕೋಟೆ, ಕುತುಬ್ ಮಿನಾರುಗಳ ಜೊತೆ ಅರ್ಧ ದಿನವನ್ನು ರೈಲು ಸಂಗ್ರಹಾಲಯಕ್ಕೆ ಮೀಸಲಿಡಿ. ಮೆಟ್ರೋದ ಪಿಂಕ್ ಲೈನಿನಲ್ಲಿ ಬಂದರೆ ಹತ್ತಿರದ ಮೋತಿಬಾಗ್ ನಿಲ್ದಾಣಕ್ಕೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರದೇ ಹೆಸರು. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಸಾಕು, ಫೋನು ಚೀಲದಲ್ಲಿರಲಿ. ಉಗಿಬಂಡಿಯ ಎರಡೂ ಬದಿಯ ಕ್ರ್ಯಾಂಕುಗಳನ್ನು ಮಕ್ಕಳಿಂದ ಬರೆಯಿಸಿ, ಮೈಸೂರಿನ ಸಲೂನಿನ ಒಂದು ಕಿಟಕಿಯನ್ನಾದರೂ ಬರೆಯಿಸಿ. ಉತ್ತರ ಮಾತ್ರ ಮೊದಲೇ ಹೇಳಬೇಡಿ. ಸೋಮವಾರ ರಜೆ, ಉಳಿದ ದಿನ ಸಾಮಾನ್ಯವಾಗಿ ಬಾಗಿಲು ತೆರೆದಿರುತ್ತದೆ.